ಬೋಳು ಬತ್ತಳಿಕೆ

ಸಿಕೊಂಗೊ ಸಾಹೇಬ ಬತ್ತಳಿಕೆಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, ಸತ್ತ ಹಾವನ್ನು ನೋಡುವಂತೆ ನೋಡಿದ. ಬತ್ತಳಿಕೆಯ ಒಡೆಯ ಗಾವೊ ಎದುರಿಗೆ ನಿಂತಿದ್ದ. ಅವನ ಕಣ್ಣು ಸಾಹೇಬನ ಮೇಲಿರಲಿಲ್ಲ. ಜೀಪಿನ ಚಕ್ರದಡಿ ಅರ್ಧ ಅಳಿಸಿಹೋಗಿದ್ದ ಗೊರಸಿನ ಗುರುತಿನ ಮೇಲಿತ್ತು. ಹಿಂದಿನ ಸಂಜೆ ಬಾಣ ತಿಂದ ಕುಡು ಅದು, ಸುರುಳಿಕೊಂಬಿನ ದೊಡ್ಡ ಗಂಡು ಹುಲ್ಲೆ. ರಾತ್ರಿಯೆಲ್ಲ ವಿಷ ಮೈಗೇರಿ, ಈಗ ಎಲ್ಲೋ ಆ ಮುಳ್ಳುಪೊದೆಗಳಾಚೆ ತೂರಾಡುತ್ತ ಹೋಗುತ್ತಿರಬೇಕು. ಹಿಂಗಾಲು ಮರಳಲ್ಲಿ ಗೀರು ಎಳೆದುಕೊಂಡು ಹೋಗಿತ್ತು. ಬಿಸಿಲೇರುವ ಮೊದಲು ತಾವು ಅದನ್ನು ಮುಟ್ಟದಿದ್ದರೆ ಕತ್ತೆಕಿರುಬಗಳು ಮುಟ್ಟುತ್ತವೆ.

"ಏನಿದು?" ಎಂದ ಸಿಕೊಂಗೊ.

"ಬತ್ತಳಿಕೆ."

"ನೀರಿನ ಪೈಪು ಕಣಯ್ಯ ಇದು."

"ನೀರು ಹರಿಯೋವಾಗ ಪೈಪು, ಸಾಹೇಬ್ರೆ. ಬಾಣ ಇಟ್ಮೇಲೆ ಬತ್ತಳಿಕೆ," ಎಂದವನು ಗಾವೊನ ಹಿಂದೆ ನಿಂತಿದ್ದ ತ್ಸಾಮ್ಕೊ. ಅವನು ಗಾವೊನ ಹೆಂಡತಿಯ ತಮ್ಮ. ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕೋ ಅಲ್ಲೇ ತೆರೆಯುವುದು ಅವನ ಹುಟ್ಟುಗುಣ.

ಸಿಕೊಂಗೊ ನಗಲಿಲ್ಲ. ಅವನು ಆ ಸೀಮೆಗೆ ಹೊಸಬ. ಮಳೆ ಮುಗಿದ ಮೇಲೆ ರಾಜಧಾನಿಯಿಂದ ವರ್ಗವಾಗಿ ಬಂದ ಕಾಡಿನ ಅಧಿಕಾರಿ. ಇಸ್ತ್ರಿ ಮಾಡಿದ ಅಂಗಿ ತೊಡುತ್ತಿದ್ದ, ಯಾರನ್ನೂ ಹೊಡೆದವನಲ್ಲ, ಲಂಚ ಮುಟ್ಟಿದವನಲ್ಲ. ಕಾನೂನು ಏನು ಹೇಳುತ್ತದೋ ಅದನ್ನು ಮಾಡುವವನು. ಆ ಕಾನೂನು ಗಾವೊನಿಗೂ ಗೊತ್ತಿತ್ತು. ಅವನ ಜನ ಈ ನೆಲದಲ್ಲಿ ಬೇಟೆಯಾಡಬಹುದು, ಆದರೆ ಹಿಂದಿನವರ ಹಾಗೆ: ಕಾಲ್ನಡಿಗೆಯಲ್ಲಿ, ಬಿಲ್ಲು ಬಾಣದಿಂದ. ಬಂದೂಕು ಕೂಡದು, ಕುದುರೆ ಕೂಡದು. ಗಾವೊ ಅದಕ್ಕೆ ಯಾವತ್ತೂ ಗೊಣಗಿದವನಲ್ಲ. ಬಂದೂಕು ಅವನಿಗೆ ಬೇಕಾಗಿಯೂ ಇರಲಿಲ್ಲ. ಬಾಣವನ್ನು ಯಾವುದರಲ್ಲಿ ಹೊತ್ತುಕೊಂಡು ಹೋಗುತ್ತೀಯೆ ಎಂದು ಮಾತ್ರ ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದ. ಆ ಪೈಪನ್ನು ಅವನು ಬೇಕಾಬಿಟ್ಟಿ ಆರಿಸಿದವನಲ್ಲ.

ಮೊದಲು ಅವನಲ್ಲಿದ್ದದ್ದು ಬೇರಿನ ತೊಗಟೆಯ ಬತ್ತಳಿಕೆಯೇ. ಜಾಲಿಯ ದಪ್ಪ ಬೇರನ್ನು ಅಗೆದು ತೆಗೆದು, ಬಿಸಿಬೂದಿಯಲ್ಲಿ ಹೂತು, ತಟ್ಟಿ ತಟ್ಟಿ ತೊಗಟೆಯನ್ನು ಹಾವಿನ ಪೊರೆಯಂತೆ ಇಡಿಯಾಗಿ ಕಳಚಿ ಮಾಡಿದ್ದು. ವರ್ಷಗಟ್ಟಲೆ ಹೆಗಲಲ್ಲಿ ತೂಗಿ ತೂಗಿ ಅದು ಒಂದು ಬೇಸಗೆಯಲ್ಲಿ ಉದ್ದಕ್ಕೆ ಸೀಳಿತು. ಗಾವೊ ಪ್ರಾಣಿಯ ನರದಿಂದ ಹೊಸೆದ ದಾರ ಸುತ್ತಿ ಬಿಗಿದ. ಆಮೇಲೊಂದು ಬೆಳಗ್ಗೆ ಎದ್ದು ನೋಡಿದರೆ, ಗುಡಿಸಲ ಗೋಡೆಗೆ ಒರಗಿಸಿದ್ದ ಬತ್ತಳಿಕೆ ಜಾರಿ ಬಿದ್ದಿತ್ತು. ಬಾಣದ ಮೊನೆಯೊಂದು ಸೀಳಿನಿಂದ ಹೊರಬಂದು ಮಲಗಿದ್ದ ಮಗಳ ಕಂಬಳಿಗೆ ಸಿಕ್ಕಿಕೊಂಡಿತ್ತು. ಮೊನೆಯ ಕೆಳಗೆ ಒಣಗಿ ಕಪ್ಪಾಗಿದ್ದ, ನೆಲದಿಂದ ಅಗೆದು ತೆಗೆದ ಹುಳದ ವಿಷ. ಅದು ರಕ್ತಕ್ಕೆ ಸೇರಿದರೆ ಮದ್ದಿಲ್ಲ, ಮಾತಿಲ್ಲ. ಗಾವೊ ಉಸಿರು ಬಿಗಿಹಿಡಿದು ಕಂಬಳಿಯಿಂದ ಮೊನೆಯನ್ನು ಬಿಡಿಸಿ, ಮಗಳನ್ನು ಎತ್ತಿ ಹೊರಗೆ ಕೂರಿಸಿ, ಮೈಯೆಲ್ಲ ತಡವಿ ನೋಡಿದ. ಗೀರಿರಲಿಲ್ಲ. ಆ ಬತ್ತಳಿಕೆಯನ್ನು ಆಗಲೇ ಒಲೆಗಿಟ್ಟ.

ಹೊಸ ಬೇರಿಗಾಗಿ ಅಲೆದ. ಒಳ್ಳೆಯ ಜಾಲಿಗಳಿದ್ದ ತೋಪಿಗೆ ಪ್ರವಾಸಿಗರ ವಸತಿಗೃಹದವರು ಬೇಲಿ ಹಾಕಿದ್ದರು. ಹೊರಗಿನ ಮರಗಳನ್ನು ಆನೆಗಳು ಬೇರುಸಹಿತ ಕಿತ್ತು ಮುಗಿಸಿದ್ದವು. ಜಿಂಕೆ ಚರ್ಮದ ಚೀಲ ಹೊಲಿದು ನೋಡಿದ. ಮಂಜಿಗೇ ಮೆತ್ತಗಾಗಿ ಬಾಣಗಳು ಒಂದಕ್ಕೊಂದು ಉಜ್ಜಿದವು. ಆಮೇಲೆ ಕೊಳವೆಬಾವಿ ಹಾಕಿದವರು ಬಿಸಾಡಿ ಹೋಗಿದ್ದ ಬೂದುಬಣ್ಣದ ಪೈಪಿನ ತುಂಡು ಕಣ್ಣಿಗೆ ಬಿತ್ತು. ಬಾಣದ ಅಳತೆಗೆ ಕೊಯ್ದ. ತಳಕ್ಕೆ ಹಸಿ ಚರ್ಮ ಬಿಗಿದು ಒಣಗಿಸಿದ. ಸದ್ದಾಗದಿರಲೆಂದು ಒಳಗೆ ಹುಲ್ಲು ತುರುಕಿದ. ಬಾಯಿಗೆ, ಮಕ್ಕಳ ಕೈಯಿಂದ ತೆರೆಯಲಾಗದಂಥ ಬಿಗಿ ಮುಚ್ಚಳ ಹೊಲಿದ. ಎಳೆಬಿಸಿಲಲ್ಲಿ ಹಿಡಿದರೆ ಹೊಳೆಯುತ್ತದೆಂದು ಮರಳಲ್ಲಿ ತಿಕ್ಕಿ ತಿಕ್ಕಿ ಹೊಳಪು ತೆಗೆದ.

ಮುದುಕಿ ದೀಕಾವ್ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವಳಿಗೆ ಗಾವೊನ ಸತ್ತ ಅಜ್ಜಿಯದೇ ಹೆಸರು. ಆದ್ದರಿಂದ ಅವರ ರೂಢಿಯಲ್ಲಿ ಅವಳೂ ಅವನಿಗೆ ಅಜ್ಜಿಯೇ, ಅವನನ್ನು ಗೇಲಿ ಮಾಡುವುದು ಅವಳ ಹಕ್ಕು. "ಹುಷಾರು ಮೊಮ್ಮಗನೇ, ನಿನ್ನ ಬಾಣ ಕುಡುಗೆ ನೀರು ಕುಡಿಸಿ ವಾಪಸ್ ಬಂದಾತು," ಎಂದಿದ್ದಳು. ಆದರೂ ಮೊನ್ನೆ ತನ್ನ ಪಾಲಿಗಿದ್ದ ಒಂದೇ ಬಾಣವನ್ನು ತಂದು ಅದೇ ಪೈಪಿನೊಳಗಿಟ್ಟು ಕಳಿಸಿದ್ದಳು. ಬಾಣ ಯಾರದೋ ಬೇಟೆ ಅವರದು, ಹಂಚುವ ಕೈ ಅವರದು. ನಿನ್ನೆ ಸಂಜೆ ಕುಡುವಿನ ಪಕ್ಕೆಗೆ ನೆಟ್ಟಿದ್ದು ದೀಕಾವಳ ಬಾಣ.

ಇದನ್ನೆಲ್ಲ ಹೇಳುವ ಪುರುಸೊತ್ತು ಈಗೆಲ್ಲಿ? ಗಾವೊ ಕುಡುವಿನ ಸಂಗತಿಯನ್ನಷ್ಟೇ ಹೇಳಿದ. ಬೇಕಾದರೆ ಸಾಹೇಬರೂ ಜೊತೆಗೆ ಬರಲಿ, ಮಾಂಸ ಕೊಯ್ದಾದ ಮೇಲೆ ತಾನೇ ಠಾಣೆಗೆ ಬರುತ್ತೇನೆ ಎಂದ. ಸಿಕೊಂಗೊ ಆಗದೆಂದು ತಲೆಯಾಡಿಸಿದ. ಪೈಪು ಸಂಪ್ರದಾಯದ್ದಲ್ಲ, ಸಂಪ್ರದಾಯದ್ದಲ್ಲದ ಸಾಮಾನಿನಿಂದ ಆಡಿದ್ದು ಕಳ್ಳಬೇಟೆ, ಸಾಮಾನು ಜಪ್ತಿ, ಮನುಷ್ಯ ಜೀಪಿಗೆ.

"ಹೊಡೆದದ್ದು ಬಾಣ, ಸಾಹೇಬ್ರೆ. ಪೈಪು ಹೊಡೀಲಿಲ್ಲ," ಎಂದ ಗಾವೊ.

"ಅದನ್ನೆಲ್ಲ ಅಲ್ಲಿ ಮಾತಾಡೋಣ. ಹತ್ತು."

ತ್ಸಾಮ್ಕೊನ ಕೈಯಲ್ಲಿ ಈಟಿಯಿತ್ತು. ಅವನೊಬ್ಬನೇ ಜಾಡು ಹಿಡಿದು ಹೋಗುವುದೆಂದಾಯಿತು. ಜೀಪು ತಿರುಗುವಾಗ ಅದರ ಹಿಂದಿನ ಚಕ್ರ ಉಳಿದರ್ಧ ಗುರುತನ್ನೂ ಅಳಿಸಿತು. ಗಾವೊ ಹಿಂದಿನ ಸೀಟಿನಲ್ಲಿ ಬಿಲ್ಲನ್ನು ಮಂಡಿಗಳ ನಡುವೆ ಹಿಡಿದು ಕೂತ.

ಠಾಣೆಯೆಂದರೆ ವಸತಿಗೃಹದ ಅಂಗಳಕ್ಕೆ ಅಂಟಿಕೊಂಡ ಒಂದು ಕೋಣೆ. ಅದರ ಪಕ್ಕದಲ್ಲೇ ಪ್ರವಾಸಿಗರಿಗೆ ಮಣಿಸರ, ಬಿಲ್ಲು, ಬತ್ತಳಿಕೆ ಮಾರುವ ಅಂಗಡಿ. ಸಿಕೊಂಗೊ ಪೈಪನ್ನು ಬಾಣಗಳ ಸಮೇತ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಆಮೇಲೆ, ಗಾವೊನ ಮುಖ ನೋಡಿಯೋ ಏನೋ, ಅವನ ದನಿ ಮೆತ್ತಗಾಯಿತು. ಮೊದಲ ತಪ್ಪೆಂದು ಬಿಟ್ಟುಬಿಡುತ್ತೇನೆ, ಸರಿಯಾದ ಬತ್ತಳಿಕೆ ಹಿಡಿದುಕೊಂಡು ಬಾ, ಅದರಲ್ಲೇ ಬಾಣ ಹಾಕಿ ಕೊಡುತ್ತೇನೆ ಎಂದ. ಅಷ್ಟಕ್ಕೇ ನಿಲ್ಲದೆ ಅಂಗಡಿಗೆ ಕರೆದೊಯ್ದು ಗೋಡೆಯಿಂದ ಒಂದನ್ನು ಇಳಿಸಿಕೊಟ್ಟ.

"ಈಗಲೇ ಬೇಕಾದ್ರೆ ಇದನ್ನ ಇಟ್ಕೊ. ನೋಡು, ಇದು ಅಸಲಿ."

ಗಾವೊ ಅದನ್ನು ಕೈಯಲ್ಲಿ ತಿರುಗಿಸಿದ. ತೊಗಟೆಯದೇ. ಮೇಲೆ ಕೆಂಪು ಬಿಳಿ ಮಣಿ, ತುದಿಯಲ್ಲಿ ಆಸ್ಟ್ರಿಚ್ ಗರಿ. ಅದನ್ನು ಮಾಡಿದ ಕೈಯೂ ಅವನಿಗೆ ಗೊತ್ತಿತ್ತು: ತ್ಸಾಮ್ಕೊ, ಚಳಿಗಾಲದಲ್ಲಿ, ಗಾವೊನ ಒಲೆಯ ಮುಂದೆಯೇ ಕೂತು ಮಾಡಿದ್ದು. ಮೊಣಕೈಯಿಂದ ಅಂಗೈವರೆಗೂ ಬಾರದಷ್ಟು ಗಿಡ್ಡ. ಪ್ರವಾಸಿಗರ ಸೂಟ್‌ಕೇಸಿಗೆ ಹಿಡಿಸಬೇಕು, ಅದಕ್ಕೇ ಗಿಡ್ಡ ಮಾಡು ಎಂದು ಅಂಗಡಿಯವರು ಹೇಳಿದ್ದರು. ಮುಚ್ಚಳವಿರಲಿಲ್ಲ. ತಳಕ್ಕೆ ಬಟ್ಟೆ ಅಂಟಿಸಿತ್ತು.

"ಇದರಲ್ಲಿ ಬಾಣ ಹಿಡಿಸಲ್ಲ, ಸಾಹೇಬ್ರೆ. ಅರ್ಧ ಹೊರಗಿರ್ತದೆ. ವಿಷದ ಬಾಣ. ಮನೇಲಿ ಮಕ್ಕಳಿದಾವೆ."

"ಹಾಗಾದ್ರೆ ಉದ್ದಂದು ಮಾಡ್ಕೊ."

"ಅಷ್ಟುದ್ದದ ಬೇರು ಎಲ್ಲಿದೆ? ಬೇಲಿ ಒಳಗಿದೆ."

ಬೇಲಿ ತನ್ನ ಇಲಾಖೆಗೆ ಸೇರಿದ್ದಲ್ಲ ಎಂದ ಸಿಕೊಂಗೊ. ಅದು ನಿಜವೂ ಆಗಿತ್ತು. ಅಷ್ಟರಲ್ಲಿ ಅಂಗಳದಲ್ಲಿ ದೊಡ್ಡ ಗಾಡಿಯೊಂದು ಬಂದು ನಿಂತಿತು. ಆನೆ ಹೊಡೆಯಲು ಪರವಾನಗಿ ಪಡೆದು ಬಂದಿದ್ದ ಪರದೇಶದ ಅತಿಥಿಯೊಬ್ಬ ಇಳಿದ. ಆಳೊಬ್ಬ ಅವನ ಬಂದೂಕನ್ನು ಮಗುವನ್ನೆತ್ತುವಂತೆ ಎತ್ತಿಕೊಂಡ. ಅದರ ಬೆನ್ನ ಮೇಲೆ ಮೊಳದುದ್ದದ ದುರ್ಬೀನು. ಗಾವೊ ಅದನ್ನು ನೋಡಿದ, ಸಿಕೊಂಗೊನನ್ನು ನೋಡಿದ.

"ಅದು ಯಾರಜ್ಜನ ಕಾಲದ್ದು?"

"ಅವರದ್ದು ಬೇರೆ ವಿಷಯ," ಎಂದ ಸಿಕೊಂಗೊ, ತಾಳ್ಮೆಯಿಂದಲೇ. "ಅವರು ಬೇಟೆಗಾರರು. ನೀವು ಸಂಪ್ರದಾಯ."

ಗಾವೊ ಕೈಯಲ್ಲಿದ್ದ ಗಿಡ್ಡ ಬತ್ತಳಿಕೆಯನ್ನು ಅಂಗಡಿಯ ಕಟ್ಟೆಯ ಮೇಲಿಟ್ಟ. ತಾನು ನಿನ್ನೆ ಬೆಳಗಿನಿಂದ ಹೊಟ್ಟೆಗಿಲ್ಲದೆ ನಡೆದದ್ದು, ಮೊಣಕಾಲಲ್ಲಿ ತೆವಳಿದ್ದು, ಗಾಳಿ ತಿರುಗಿದಾಗ ಕುಡುವಿನ ಕಿವಿ ನೆಟ್ಟಗಾದದ್ದು, ತನ್ನ ಎದೆ ಹೊಡೆದುಕೊಂಡದ್ದು, ಇದೆಲ್ಲ ಹಾಗಾದರೆ ಬೇಟೆಯಲ್ಲ! ಸಾಹೇಬನಿಗೆ 'ನೀವು' ಅನ್ನುವುದನ್ನು ಅವನು ಅಲ್ಲಿಗೆ ಬಿಟ್ಟ.

"ನಿಮ್ಮಜ್ಜ ದನ ಹೊಡ್ಕೊಂಡು ನಡೆದು ಬಂದ, ನೀನು ಜೀಪಲ್ಲಿ ಬರ್ತೀಯ. ನೀನು ನಿಮ್ಮಜ್ಜನ ಮೊಮ್ಮಗ ಅಲ್ಲ ಅಂತ ನಾನೇನಾದ್ರೂ ಅಂದ್ನಾ?" ಅಂದವನೇ ತನ್ನ ಅಂಗಿಯ ಗುಂಡಿಗಳನ್ನು ಬಿಚ್ಚತೊಡಗಿದ. "ಈ ಅಂಗಿ ನಮ್ಮಜ್ಜನ ಹತ್ರ ಇರಲಿಲ್ಲ. ಇದನ್ನೂ ಜಪ್ತಿ ಮಾಡು. ಈ ಟೈರಿನ ಚಪ್ಪಲೀನೂ ಇರಲಿಲ್ಲ. ತಗೋ."

ಅಂಗಿಯನ್ನು ಕಟ್ಟೆಯ ಮೇಲೆ ಎಸೆದ, ಚಪ್ಪಲಿಯನ್ನು ಅದರ ಮೇಲಿಟ್ಟ. ಬರಿಮೈಯಲ್ಲಿ, ಚಡ್ಡಿಯಲ್ಲಿ, ಕೈಯಲ್ಲಿ ಬಿಲ್ಲು ಹಿಡಿದು ಅಂಗಳದ ನಡುವೆ ನಿಂತ.

ಜಗುಲಿಯಲ್ಲಿ ಚಹಾ ಕುಡಿಯುತ್ತಿದ್ದವರು ಒಬ್ಬೊಬ್ಬರಾಗಿ ಎದ್ದರು. ಬೆಳಗ್ಗೆ ಜೀಪಿನಿಂದ ಇಳಿದಾಗ ಅವನನ್ನು ಯಾರೂ ತಲೆಯೆತ್ತಿ ನೋಡಿರಲಿಲ್ಲ. ಈಗ ಎಲ್ಲರ ಮುಖವೂ ಅರಳಿತು, ಕ್ಯಾಮೆರಾಗಳು ಮೇಲೆದ್ದವು. ಬಿಳಿಗೂದಲ ಹೆಂಗಸೊಬ್ಬಳು ಮೆಟ್ಟಿಲಿಳಿದು ಬಂದು ಸಿಕೊಂಗೊನ ಹತ್ತಿರ ಮೆಲ್ಲಗೆ ಏನೋ ಕೇಳಿದಳು. ಸಿಕೊಂಗೊ ಗಾವೊನ ಕಡೆ ತಿರುಗಿದ. ಅವನ ದನಿಯಲ್ಲಿ ಕುಚೋದ್ಯವೇನೂ ಇರಲಿಲ್ಲ.

"ಆ ಬತ್ತಳಿಕೇನ ಹೆಗಲಿಗೆ ಹಾಕ್ಕೊಂಡು ಒಂಚೂರು ನಿಂತ್ಕೊತೀಯಾ ಅಂತ ಕೇಳ್ತಿದಾರೆ."

ಗಾವೊ ಕಟ್ಟೆಯ ಬಳಿಗೆ ಹೋದ. ಅಂಗಿಯನ್ನೆತ್ತಿ ಕೊಡವಿ ತೊಟ್ಟುಕೊಂಡ. ಗುಂಡಿಗಳನ್ನು ಒಂದೊಂದಾಗಿ, ಕುತ್ತಿಗೆಯವರೆಗೂ ಹಾಕಿದ. ಚಪ್ಪಲಿ ಮೆಟ್ಟಿದ. ಯಾರ ಮುಖವನ್ನೂ ನೋಡದೆ ಗೇಟು ದಾಟಿ ನಡೆದ. ಬಾಣಗಳು ಕಪಾಟಿನಲ್ಲೇ ಉಳಿದವು.

ಕುಡು ಬಿದ್ದಲ್ಲಿಗೆ ರಣಹದ್ದುಗಳು ದಾರಿ ತೋರಿಸಿದವು. ಅವನು ತಲುಪುವಾಗ ಹೊತ್ತು ಪಡುವಣಕ್ಕೆ ವಾಲಿತ್ತು. ತ್ಸಾಮ್ಕೊ ಒಣಮರದ ಕೆಳಗೆ ಹೊಗೆಯೆಬ್ಬಿಸಿಕೊಂಡು, ಈಟಿಗೆ ಒರಗಿ ಕೂತಿದ್ದ. ಅಳಿಸಿದ ಜಾಡನ್ನು ಮತ್ತೆ ಹಿಡಿಯುವುದಕ್ಕೇ ಬಹಳ ಹೊತ್ತು ಹಿಡಿಯಿತಂತೆ. ಅವನು ಬರುವ ಮೊದಲೇ ಕತ್ತೆಕಿರುಬಗಳು ಬಂದಾಗಿತ್ತು. ಒಬ್ಬನೇ ಕೊಳ್ಳಿ ಬೀಸಿ ಅವನ್ನು ಓಡಿಸಿದ್ದ. ಅಷ್ಟರಲ್ಲಿ ಉಳಿದದ್ದು ತಲೆ, ಒಂದು ಮುಂಗಾಲು, ಹರಿದ ಚರ್ಮ. ದೀಕಾವಳ ಬಾಣದ ಮುರಿದ ಮೊನೆಯನ್ನು ಹುಡುಕಿ ಎತ್ತಿಟ್ಟಿದ್ದ.

"ದೊಡ್ಡ ಪ್ರಾಣಿ ಭಾವ," ಎಂದಷ್ಟೇ ಹೇಳಿದ. ಅವನ ಬಾಯಿಂದ ಅಷ್ಟು ಚಿಕ್ಕ ಮಾತನ್ನು ಗಾವೊ ಹಿಂದೆಂದೂ ಕೇಳಿರಲಿಲ್ಲ.

ಹಟ್ಟಿಯಲ್ಲಿ ಮಾಂಸ ಬಂದಾಗ ಅದನ್ನು ಹಳಿಯುವುದು ರೂಢಿ. ಎಷ್ಟು ಕೊಬ್ಬಿದ ಪ್ರಾಣಿ ತಂದರೂ 'ಇದೇನು, ಬರೀ ಮೂಳೆ, ಇದಕ್ಕಾಗಿ ನಮ್ಮನ್ನು ಎಬ್ಬಿಸಿದೆಯಾ' ಎಂದು ಮೂಗು ಮುರಿಯಬೇಕು, ತಂದವನು 'ಹೌದು, ಎಸೆದುಬಿಡೋಣ' ಎನ್ನಬೇಕು, ಎಲ್ಲರೂ ನಗಬೇಕು. ಬೇಟೆಗಾರನಿಗೆ ಕೊಂಬು ಬರಬಾರದಲ್ಲ. ಆ ಸಂಜೆ ಹೊತ್ತು ತಂದದ್ದನ್ನು ಇಳಿಸಿದಾಗ ನೆರೆದವರಲ್ಲಿ ಒಬ್ಬರೂ ಹಳಿಯಲಿಲ್ಲ. ಹಂಚುವವಳು ದೀಕಾವ್. ಅವಳು ಮೊಣಕಾಲೂರಿ ಕೂತು, ಆ ಒಂದು ಮುಂಗಾಲನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು.

"ಒಳ್ಳೇ ಮಾಂಸ," ಎಂದಳು. "ಚೆನ್ನಾಗಿದೆ, ಮಗಾ."

ಗಾವೊ ಎದ್ದು ಗುಡಿಸಲ ಹಿಂದಕ್ಕೆ ಹೋದ. ಆ ಮಾತನ್ನು ಅವನಿಂದ ಕೂತು ಕೇಳಲಾಗಲಿಲ್ಲ.

ಬೆಳಗಾದ ಮೇಲೆ ತ್ಸಾಮ್ಕೊಗೆ ಬಾಯಿ ವಾಪಸು ಬಂದಿತ್ತು. ಅವನದೊಂದು ಉಪಾಯ: ಇನ್ನೊಂದು ಪೈಪಿನ ತುಂಡು ತರುವುದು, ಅದರ ಮೇಲೆ ತೆಳ್ಳಗೆ ತೊಗಟೆ ಸುತ್ತಿ ಅಂಟು ಬಳಿಯುವುದು, ಎರಡು ಸಾಲು ಮಣಿ ಹೊಲಿಯುವುದು. ಒಳಗಿನದು ಮಕ್ಕಳಿಗೆ, ಹೊರಗಿನದು ಸಾಹೇಬನಿಗೆ. ಕಪಾಟಿನ ಬಾಣಗಳೂ ಕೈಗೆ ಬರುತ್ತವೆ. ಎಲ್ಲರೂ ನಕ್ಕರು. ಗಾವೊನ ಹೆಂಡತಿ ಖ್ವಾನಾಳಿಗೂ ಅದು ಸರಿ ಕಂಡಿತು. ಕೋಪವನ್ನು ಬೇಯಿಸಿ ಮಕ್ಕಳಿಗೆ ಬಡಿಸಲಾಗುವುದಿಲ್ಲ ಎಂದಳು. ಗಾವೊ ಇಲ್ಲವೆನ್ನಲಿಲ್ಲ. ಎದ್ದು ಕೊಳವೆಬಾವಿಯ ಕಡೆ ಹೋಗಿ ಒಂದು ತುಂಡು ತಂದ. ತ್ಸಾಮ್ಕೊ ತನ್ನಲ್ಲಿದ್ದ ತೊಗಟೆ, ಅಂಟು, ಮಣಿ ಎಲ್ಲ ತಂದು ಮುಂದಿಟ್ಟ.

ಗಾವೊ ತೊಗಟೆಯನ್ನು ಪೈಪಿನ ಮೇಲಿಟ್ಟು ನೋಡಿದ. ಚೆನ್ನಾಗಿಯೇ ಕೂರುತ್ತಿತ್ತು. ಆಮೇಲೆ ಅದನ್ನು ತೆಗೆದು ತ್ಸಾಮ್ಕೊನ ಕೈಗೇ ಕೊಟ್ಟ.

"ಹೊದಿಸಿ ಮುಚ್ಚೋಕೆ ನಾನೇನು ಕದ್ದಿದೀನಾ?"

"ಬಾಣಗಳು ಭಾವ..."

"ಹೊಸದು ಮಾಡೋಣ. ಹುಳ ಅಗೆಯೋಕೆ ನೀನೂ ಬಾ."

ಖ್ವಾನಾ ಸಿಟ್ಟಿನಿಂದ ಎದ್ದು ನೀರಿಗೆ ಹೋದಳು. ದೀಕಾವ್ ಕೂತಲ್ಲಿಂದಲೇ ಒಂದು ಹಿಡಿ ನರದ ದಾರವನ್ನು ಅವನತ್ತ ಎಸೆದಳು. "ಹೊಲಿಯೋದಾದ್ರೆ ಗಟ್ಟಿಯಾಗಿ ಹೊಲಿ. ಮಕ್ಕಳ ಬೆರಳು ಹೋಗ್ಬಾರ್ದು," ಎಂದಳು.

ಗಾವೊ ಪೈಪು, ಚರ್ಮ, ಸೂಜಿ ಎತ್ತಿಕೊಂಡು ಗುಡಿಸಲ ಹಿಂದಿನ ನೆರಳಿಗೆ ಹೋಗಲಿಲ್ಲ. ರಸ್ತೆಯ ಬದಿಯ ಒಂಟಿಮರದ ಕೆಳಗೆ ಹೋಗಿ ಕೂತ. ಮುಚ್ಚಳದ ಅರ್ಧ ಸುತ್ತು ಮುಗಿಯುವಷ್ಟರಲ್ಲಿ ದೂರದಲ್ಲಿ ಧೂಳೆದ್ದಿತು. ಜೀಪಿನ ಸದ್ದು ಮರಳಲ್ಲಿ ಏರುತ್ತ ಇಳಿಯುತ್ತ ಹತ್ತಿರವಾಯಿತು. ಅವನು ತಲೆಯೆತ್ತಲಿಲ್ಲ. ಬೂದುಬಣ್ಣದ ಪೈಪನ್ನು ತೊಡೆಯ ಮೇಲೆ ಬೆಳಕಿಗೆ ತಿರುಗಿಸಿಕೊಂಡು, ನರದ ತುದಿಯನ್ನು ಬಾಯಲ್ಲಿಟ್ಟು ನೆನೆಸಿ, ಮುಂದಿನ ಹೊಲಿಗೆ ಹಾಕಿದ.