ಸೋರುವ ಕೆನ್ನೆ

ಕಿಟಕಿಯ ಸಂದುಗಳಿಗೆ ಹಳೆಯ ಪತ್ರಿಕೆ ಅಂಟಿಸಿಯೂ ಬಾವ್‌ಟ್ಯೆನ್‌ಗೆ ಸಮಾಧಾನವಾಗಲಿಲ್ಲ. ಬಾಗಿಲ ಕೆಳಗೆ ಹರಿದ ಹತ್ತಿ ಅಂಗಿ ತುರುಕಿದ, ಬಾಗಿಲಿಗೆ ದಪ್ಪ ಕೌದಿ ಇಳಿಬಿಟ್ಟ, ಕೊನೆಗೆ ಊದುಬತ್ತಿ ಹಚ್ಚಿಕೊಂಡು ಮೂಲೆಮೂಲೆ ಸುತ್ತಿದ. ಹೊಗೆ ಎಲ್ಲೂ ಅಲುಗದೆ ನೆಟ್ಟಗೆ ಮೇಲೇರಿತು.

"ಇನ್ನು ಒಂದು ಚೂರೂ ಗಾಳಿ ಬರಲ್ಲ ನೋಡು," ಎಂದ ಹೆಮ್ಮೆಯಿಂದ.

ಅವನ ಹೆಂಡತಿ ಫೆಂಗ್‌ಮೇ ಒಲೆಯ ಶಾಖ ಹಾಯುವ ಇಟ್ಟಿಗೆಯ ಜಗಲಿಯ ಮೇಲೆ ಕೂತಿದ್ದಳು. ಹೌದು, ಉಸಿರೂ ಬರಲ್ಲ ಅನ್ನಬೇಕೆನ್ನಿಸಿತು. ಆದರೆ ಬಾಯಿ ತೆರೆದರೆ ಅರ್ಧ ಮಾತು ಎಡಗಡೆಯಿಂದ ಸೋರಿಹೋಗುತ್ತಿತ್ತು.

ಫೆಂಗ್‌ಮೇ ಸುವೊನಾ ಊದುವವಳು. ಮದುವೆಯಿರಲಿ, ಸಾವಿರಲಿ, ಸುತ್ತಲ ಹಳ್ಳಿಗಳಿಗೆ ಅವಳ ವಾಲಗವೇ ಬೇಕು. ಹಿತ್ತಾಳೆ ಬಾಯಿಯ ಆ ವಾದ್ಯಕ್ಕೆ ತುಟಿ ಬಿಗಿಯಬೇಕು, ಕೆನ್ನೆ ಉಬ್ಬಬೇಕು, ಬಾಯಲ್ಲಿ ಊದುತ್ತಲೇ ಮೂಗಲ್ಲಿ ಎಳೆದುಕೊಳ್ಳಬೇಕು. ಚಳಿಗಾಲದ ಒಂದು ಮದುವೆಯಲ್ಲಿ ಹಾಗೆ ಬೆಳಗಿನಿಂದ ಊದಿ, ತಲೆಯೆಲ್ಲ ಬೆವರಿ, ಸ್ಕಾರ್ಫ್ ಕೂಡ ಕಟ್ಟದೆ, ಮೂರು ಗಾಲಿಯ ತೆರೆದ ಗಾಡಿಯಲ್ಲಿ ನಗುತ್ತಾ ಮನೆಗೆ ಬಂದಳು. ಮರುದಿನ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಜೊಲ್ಲಿನ ಹಾಗೆ ಇಳಿಯಿತು. ಬಾಯಿ ಬಲಕ್ಕೆ ಸೊಟ್ಟಗಾಗಿತ್ತು. ಎಡಗಣ್ಣು ಮುಚ್ಚಲೊಲ್ಲದು. ಊರಿಗೆಲ್ಲ ಉಸಿರು ಹಂಚಿದವಳಿಗೆ ಚಳಿಗಾಳಿಯೇ ಬಡಿದಿತ್ತು.

ಜಿಲ್ಲಾಸ್ಪತ್ರೆಯವರು ಮಿದುಳಿಗೆ ಏನೂ ಆಗಿಲ್ಲ, ಮುಖದ ನರ ಬಾತಿದೆ, ನಿಧಾನಕ್ಕೆ ಸರಿಹೋಗುತ್ತದೆ ಎಂದು ಮಾತ್ರೆ ಕೊಟ್ಟು ಕಳಿಸಿದರು. ಆ 'ನಿಧಾನ'ದ ಉಸ್ತುವಾರಿಯನ್ನು ಬಾವ್‌ಟ್ಯೆನ್ ವಹಿಸಿಕೊಂಡ. ತಣ್ಣೀರು ಮುಟ್ಟುವಂತಿಲ್ಲ. ಅಂಗಳಕ್ಕೆ ಕಾಲಿಡುವಂತಿಲ್ಲ. ಬೆಳಿಗ್ಗೆ ಶುಂಠಿ ನೀರು, ಸಂಜೆ ಮಾಚಿಪತ್ರೆ ಕುದಿಸಿದ ನೀರಲ್ಲಿ ಕಾಲು, ಹೊತ್ತುಹೊತ್ತಿಗೆ ಹುರಿದ ಉಪ್ಪಿನ ಶಾಖ, ಆಗಾಗ ಮುಖಕ್ಕೆ ಸಣ್ಣ ಸೂಜಿಗಳನ್ನು ಚುಚ್ಚುವ ನಾಟಿ ವೈದ್ಯ. ಊದುವುದಂತೂ ಕೂಡದೇ ಕೂಡದು. ಊದಿದರೆ ಮೈಯ ಕಸುವು ಸೋರಿಹೋಗುತ್ತದೆಂದು ಅವಳ ಸುವೊನಾವನ್ನು ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಕೆಟ್ಟವರ ಕಾಟವಾದರೆ ಬೈದು ಹಗುರಾಗಬಹುದು. ಒಳ್ಳೆಯವರ ಕಾಟಕ್ಕೆ ಮದ್ದಿಲ್ಲ. ಬಾವ್‌ಟ್ಯೆನ್ ಬಲು ಒಳ್ಳೆಯವನು.

ಅವಳಿಗೆ ಉಳಿದಿದ್ದು ಎರಡು ಕೋಣೆ. ಒಂದು ತನ್ನದು, ಒಳಬಾಗಿಲು ದಾಟಿದರೆ ಇನ್ನೊಂದು ಮಾವನದು. ಮಾವ, ಮುದುಕ ರೆನ್, ಒಂದು ಕಾಲದಲ್ಲಿ ಆ ಸೀಮೆಗೇ ದೊಡ್ಡ ಸುವೊನಾದವನು. ಈಗ ಎದೆ ಕಟ್ಟಿ ಹಾಸಿಗೆ ಹಿಡಿದಿದ್ದ. ಮಗ ಬಾವ್‌ಟ್ಯೆನ್‌ಗೆ ದಮ್ಮಿಲ್ಲ, ಡೋಲು ಬಾರಿಸುವುದಕ್ಕಷ್ಟೇ ಲಾಯಕ್ಕು ಎಂದು ತಿಳಿದ ಮೇಲೆ ವಿದ್ಯೆಯನ್ನೆಲ್ಲ ಸೊಸೆಗೆ ಧಾರೆ ಎರೆದಿದ್ದ. ಪ್ರತಿಯಾಗಿ ಅವನು ಕೇಳಿದ್ದು ಒಂದೇ.

"ನನ್ನ ಹೆಣ ಎತ್ತಿದಾಗ ನೀನೇ ಊದ್ಬೇಕು," ಎನ್ನುತ್ತಿದ್ದ. "ಆ ಪೇಟೆ ಬ್ಯಾಂಡಿನವರನ್ನ ಕರೆಸಿ, ಸಿನಿಮಾ ಹಾಡು ಹಾಕ್ಸಿ, ಹುಡುಗೀರ ಕುಣಿಸಿದ್ರೆ ನಾನು ಹೆಣದ ಪೆಟ್ಟಿಗೆಯಿಂದ ಎದ್ದು ಬರ್ತೀನಿ."

"ಬಂದು ಅವರ ಜೊತೆ ನೀವೂ ಕುಣೀತೀರ ಬಿಡಿ ಮಾವ," ಎಂದು ಅವಳು ಆಗೆಲ್ಲ ನಗುತ್ತಿದ್ದಳು. ಈಗ ನಗಲು ಹೋದರೆ ಅರ್ಧ ಮುಖ ಮಾತ್ರ ನಗುತ್ತಿತ್ತು. ಮುದುಕನ ಎದೆಯ ಗೊರಗೊರ ದಿನದಿಂದ ದಿನಕ್ಕೆ ಜೋರಾಗುತ್ತಿತ್ತು. ತನ್ನ ತುಟಿ ಮೊದಲು ಕೂಡುತ್ತದೋ, ಮಾವನ ಕಣ್ಣು ಮೊದಲು ಮುಚ್ಚುತ್ತದೋ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಒಂದು ದಿನ ನೆರೆಮನೆಯ ದು ಅಕ್ಕ ಬಕೆಟ್ಟಿನಲ್ಲಿ ಜೀವಂತ ಹಾವುಮೀನು ತಂದಳು.

"ಇದರ ರಕ್ತ ಹಚ್ಚಿದ್ರೆ ಸೊಟ್ಟಬಾಯಿ ನೆಟ್ಟಗಾಗತ್ತೆ. ನಮ್ಮ ಚಿಕ್ಕಪ್ಪನಿಗೆ ಹಾಗೇ ಆಗಿದ್ದು."

"ನಿಮ್ಮ ಚಿಕ್ಕಪ್ಪನ ಬಾಯಿ ಈಗಲೂ ಸೊಟ್ಟಗಿದೆಯಲ್ಲಕ್ಕ?" ಎಂದ ಬಾವ್‌ಟ್ಯೆನ್.

"ಅದು ಅವನ ಹುಟ್ಟುಗುಣ, ಬಿಡು."

ಇಬ್ಬರೂ ಸೇರಿ ಸೊಟ್ಟಗೆ ಎಳೆದಿದ್ದ ಬಲಗೆನ್ನೆಗೆ ರಕ್ತ ಬಳಿದರು. ಅದೇ ವಾಸನೆಯಲ್ಲಿ ಫೆಂಗ್‌ಮೇ ಮಾವನಿಗೆ ಗಂಜಿ ಕುಡಿಸಲು ಹೋದಳು. ಮುದುಕ ಮೂಗು ಮುಚ್ಚಿಕೊಂಡ. ಆಮೇಲೆ ಕೈ ತೆಗೆದು ಅವಳನ್ನೇ ದಿಟ್ಟಿಸಿದ.

"ಇದ್ಯಾಕೆ ಬಲಗಡೆ ಹಚ್ಚಿದಾರೆ?"

"ಸೊಟ್ಟಗಿರೋದು ಬಲಗಡೆ ಅಲ್ವಾ ಮಾವ? ಎಳೀತಿರೋದೂ ಅಲ್ಲೇ. ಉಪ್ಪಿನ ಶಾಖಾನೂ ಅಲ್ಲಿಗೇ ಕೊಡ್ತಿರೋದು."

"ಹತ್ರ ಬಾ. ಕೆನ್ನೆ ಉಬ್ಸು."

ಅವಳು ಉಬ್ಬಿಸಲು ನೋಡಿದಳು. ಎಡಗಡೆಯಿಂದ ಪುಸ್ಸೆಂದು ಗಾಳಿ ಹೋಯಿತು. ಮುದುಕ ಸುವೊನಾದ ತೂತುಗಳ ಮೇಲೆ ಆಡಿಸುವ ಹಾಗೆ ಅವಳ ಎರಡು ಕೆನ್ನೆಗಳ ಮೇಲೂ ಬೆರಳಾಡಿಸಿದ. ಆಮೇಲೆ ಕೆಮ್ಮು ಬರುವವರೆಗೆ ಬೈದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ! ಬಲಗಡೆ ಸೊಟ್ಟಗಿಲ್ಲ ಕಣೇ, ಗಟ್ಟಿಯಾಗಿದೆ. ಎಡಗಡೆದು ಕೈ ಬಿಟ್ಟಿದೆ, ಅದಕ್ಕೇ ಇದು ಒಂದೇ ಎಳೀತಿದೆ. ನೀವು ದುಡಿಯೋ ಕೆನ್ನೆಗೆ ಶಾಖ ಕೊಟ್ಟು ಬಿದ್ದಿರೋದನ್ನ ಹಾಗೇ ಬಿಟ್ಟಿದೀರ."

ವೈದ್ಯ ಎರಡೂ ಕಡೆ ಸೂಜಿ ಚುಚ್ಚುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಫೆಂಗ್‌ಮೇಗೆ ತನ್ನ ಮೇಲೇ ರೇಗಿಹೋಯಿತು. ತನ್ನ ಮುಖ, ತನಗೇ ತಿಳಿಯದೆ ಹೋಯಿತಲ್ಲ! ಎಳೆದು ನೋಯುತ್ತಿದ್ದದ್ದು ಬಲಗಡೆ, ಹಾಗಾಗಿ ರೋಗವೂ ಅಲ್ಲೇ ಅಂದುಕೊಂಡಿದ್ದಳು.

ಅಂದಿನಿಂದ ಉಪ್ಪಿನ ಗಂಟು ಎಡಕ್ಕೆ ಬಂತು. ಬಾವ್‌ಟ್ಯೆನ್ ಹೊರಗೆ ಹೋದಾಗ ಇನ್ನೊಂದು ಚಿಕಿತ್ಸೆಯೂ ನಡೆಯಿತು. ಒಂದು ಬಟ್ಟಲು ಬೆಚ್ಚಗಿನ ನೀರು, ಒಂದು ಗೋಧಿ ಹುಲ್ಲಿನ ಕೊಳವೆ. ಹೊಸ ಸೊಸೆಯಾಗಿದ್ದಾಗ ಮಾವ ಅವಳಿಗೆ ಕಲಿಸಿದ ಮೊದಲ ಪಾಠ ಇದೇ. ಕೊಳವೆಯಿಂದ ನೀರಿಗೆ ಊದಬೇಕು, ಉಸಿರೆಳೆದುಕೊಳ್ಳುವಾಗಲೂ ಗುಳ್ಳೆ ನಿಲ್ಲಬಾರದು. ಆಗ ನಿಲ್ಲದ ಗುಳ್ಳೆ ಈಗ ಏಳಲೇ ಇಲ್ಲ. ಮುದುಕ ಹಾಸಿಗೆಯಿಂದ ಕೈ ಚಾಚಿ ಅವಳ ಎಡಗೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿದ. ಸೋರುವುದು ನಿಂತಿತು. ಬಟ್ಟಲಲ್ಲಿ ಒಂದು ಗುಳ್ಳೆ ಎದ್ದಿತು, ಹಿಂದೆಯೇ ಇನ್ನೊಂದು.

"ಹೂಂ. ನರ ಸತ್ತಿಲ್ಲ, ಮಲಗಿದೆ. ದಿನಾ ಎಬ್ಬಿಸ್ಬೇಕು."

"ನಿಮ್ಮ ಕೈ ತೆಗೆದ್ರೆ ಸೋರತ್ತಲ್ಲ ಮಾವ?"

"ನಾನೇನು ಇವತ್ತೇ ಹೋಗ್ತೀನಾ?"

ಒಂದು ಮಧ್ಯಾಹ್ನ ಬಾವ್‌ಟ್ಯೆನ್ ಬೇಗ ಬಂದವನು ಗುಳುಗುಳು ಸದ್ದು ಕೇಳಿ ಒಳನುಗ್ಗಿದ. ಅಪ್ಪನ ಅಂಗೈ ಅವಳ ಎಡಗೆನ್ನೆಯ ಮೇಲಿತ್ತು. ಕೊಳವೆ ಕಿತ್ತುಕೊಂಡು ಮುರಿದ.

"ಅಪ್ಪಾ, ಇವಳ ಮುಖ ಪೂರ್ತಿ ಹಾಳು ಮಾಡ್ತೀಯಾ? ನಿನಗೆ ನಿನ್ನ ಹೆಣದ ಚಿಂತೆ!"

ಮುದುಕ ಗೋಡೆ ಕಡೆ ತಿರುಗಿ ಮಲಗಿದ. ಫೆಂಗ್‌ಮೇ ಎದ್ದು ನಿಂತಳು. ಮಾತು ಸೋರಿದರೆ ಸೋರಲಿ ಅನ್ನಿಸಿತು.

"ಕೋಸಿನ ಉಪ್ಪಿನಕಾಯಿ ಹಾಕಿದ ಹಾಗೆ ನನ್ನನ್ನ ಜಾಡಿಗೆ ಹಾಕಿ ಮುಚ್ಚಳ ಬಿಗಿದಿದೀಯ. ಕೊಳೆಯೋದಿಲ್ಲ ನಿಜ. ಬದುಕಿರ್ತೀನಾ ಅಂತ ಒಂದಿನ ಕೇಳಿದೀಯಾ?"

"ನೀನು ಅದೇ ಮುಖ ಹೊತ್ಕೊಂಡು ಜೀವನಪೂರ್ತಿ ಇರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ ಕಣೇ," ಎಂದ ಬಾವ್‌ಟ್ಯೆನ್. ಅವನನ್ನು ಬೈಯಲೂ ಅವಳಿಗೆ ಮನಸ್ಸು ಬರಲಿಲ್ಲ.

ಆದರೂ ಹುಲ್ಲಿಗೇನು ಬರ? ಗೋಧಿ ಹುಲ್ಲಿನ ಹಾಸಿಗೆಯೇ ಮುದುಕನ ಕೆಳಗಿತ್ತು. ಪಾಠ ಕದ್ದುಮುಚ್ಚಿ ನಡೆಯಿತು. ಎಡಗಣ್ಣು ಮುಕ್ಕಾಲು ಮುಚ್ಚುವಂತಾಯಿತು. ಮಾತು ಸ್ವಲ್ಪ ಕೂಡಿಕೊಂಡಿತು. ಕೆನ್ನೆಯ ಸೋರಿಕೆ ಮಾತ್ರ ಹಟ ಹಿಡಿದಿತ್ತು. ಅದನ್ನು ಒತ್ತಿ ಹಿಡಿಯುತ್ತಿದ್ದ ಮುದುಕನ ಕೈಯೇ ಈಗ ನಡುಗುತ್ತಿತ್ತು. ಒಂದು ಬೆಳಿಗ್ಗೆ ಅವನು ದಿಂಬಿನ ಕೆಳಗಿಂದ ನೀಲಿ ಬಟ್ಟೆಯಲ್ಲಿ ಸುತ್ತಿದ ತನ್ನ ಸುವೊನಾ ತೆಗೆದು ಅವಳ ಮಡಿಲಿಗೆ ಹಾಕಿದ. ಮುದುಕ ಆ ವಾರ ದಾಟಲಿಲ್ಲ.

ಅದು ವಸಂತದ ಶುರು. ಬಯಲಲ್ಲಿ ಧೂಳೆಬ್ಬಿಸಿ ಗಾಳಿ ಹೊಡೆಯುವ ಕಾಲ. ಬಾವ್‌ಟ್ಯೆನ್ ಅಳುತ್ತಲೇ ಪೇಟೆಯ ಬ್ಯಾಂಡಿಗೆ ಹೇಳಿ ಕಳಿಸಿದ. ಹೆಂಡತಿಯ ಮುಖ ನೋಡದೆ, "ಅಪ್ಪನಿಗೆ ಅರ್ಥ ಆಗತ್ತೆ," ಎಂದ. ಅವಳು ಒಳಗೇ ಇರಬೇಕೆಂದೂ ಹೇಳಿದ.

"ಸೊಸೆ ಇಲ್ದೆ ಹೆಣ ಎತ್ತಿದ್ರೆ ಊರು ನಿನ್ನ ಮುಖಕ್ಕೆ ಉಗಿಯತ್ತೆ," ಎಂದು ದು ಅಕ್ಕನೇ ಗದರಿದಳು.

ಕೊನೆಗೆ ಅವನು ಒಪ್ಪಿದ. ಮೂಗಿನವರೆಗೆ ಉಣ್ಣೆ ಸ್ಕಾರ್ಫ್ ಸುತ್ತಿ, ಅದರ ಮೇಲೆ ಸೂತಕದ ಬಿಳಿ ಮುಸುಕು ಎಳೆದು, ಅಂಚನ್ನು ಕುತ್ತಿಗೆಯ ಹತ್ತಿರ ತಾನೇ ಗಂಟು ಹಾಕಿದ. "ಏನಾದ್ರೂ ಆಗ್ಲಿ, ಇದನ್ನ ತೆಗೀಬೇಡ." ಚಳಿಗಾಲವೆಲ್ಲ ಮುಚ್ಚಿಟ್ಟ ಕೋಣೆಯಿಂದ ಫೆಂಗ್‌ಮೇ ಹೊರಗೆ ಬಂದದ್ದು ಹೀಗೆ, ಇನ್ನೊಂದು ಕೋಣೆಯನ್ನು ತಲೆಗೆ ಕಟ್ಟಿಕೊಂಡು.

ಮಗನಾದವನು ಮಣ್ಣಿನ ಬೋಗುಣಿ ಒಡೆದ. ಶವಪೆಟ್ಟಿಗೆ ಎದ್ದಿತು. ಪೇಟೆಯವರ ಧ್ವನಿವರ್ಧಕದಿಂದ ಯಾವುದೋ ಪ್ರೇಮಗೀತೆ ಹೊರಟಿತು. ಮುಸುಕಿನೊಳಗೆ ಅವಳಿಗೆ ತನ್ನ ಬಿಸಿಯುಸಿರು ಬಿಟ್ಟು ಬೇರೇನೂ ಇರಲಿಲ್ಲ. ಸೂತಕದ ಅಂಗಿಯ ಅಗಲ ತೋಳೊಳಗೆ ನೀಲಿ ಬಟ್ಟೆ ಮೊಣಕೈಗೆ ತಾಗುತ್ತಿತ್ತು.

ಊರಾಚೆಯ ಕೂಡುದಾರಿಯಲ್ಲಿ ಪೆಟ್ಟಿಗೆ ಇಳಿಸಿ ನೆಲಕ್ಕೆ ಹೆಂಡ ಎರೆಯುವುದು ಪದ್ಧತಿ. ಆ ಹೊತ್ತು ವಾದ್ಯದವರು ಸುಮ್ಮನಿರುತ್ತಾರೆ. ಗಾಳಿಯ ಸದ್ದೊಂದೇ ಕೇಳಿಸಿತು. ಫೆಂಗ್‌ಮೇ ಕುತ್ತಿಗೆಯ ಗಂಟಿಗೆ ಕೈಹಾಕಿದಳು. ಮುಸುಕು ಬಿತ್ತು, ಸ್ಕಾರ್ಫ್ ಬಿತ್ತು. ಊರಿಗೆ ಊರೇ ಅವಳ ಸೊಟ್ಟಮುಖ ನೋಡಿತು. ಆದರೂ ಅವಳು ಪೆಟ್ಟಿಗೆಯ ಮುಂದೆ ಹೋಗಿ ನಿಂತು, ಮಾವನ ಸುವೊನಾವನ್ನು ತುಟಿಗಿಟ್ಟಳು.

ಪುಸ್ಸೆಂದಿತು.

ಮತ್ತೆ ಊದಿದಳು. ಮತ್ತೆ ಎಡಗಡೆಯಿಂದ ಎಲ್ಲ ಹೋಯಿತು. ತೂತು ಮುಚ್ಚಲು ಎರಡು ಕೈಯೂ ಬೇಕು, ಕೆನ್ನೆ ಹಿಡಿಯಲು ಮೂರನೆಯದು ಎಲ್ಲಿಂದ ಬರಬೇಕು? ಬ್ಯಾಂಡಿನ ಹುಡುಗಿಯೊಬ್ಬಳು ಕಿಸಕ್ಕೆಂದಳು. ಫೆಂಗ್‌ಮೇಯ ಪೂರ್ತಿ ಮುಚ್ಚಲಾರದ ಕಣ್ಣಲ್ಲಿ ಧೂಳು, ನೀರು ಎರಡೂ ತುಂಬಿಕೊಂಡವು. ಮಾವ, ನನ್ನ ಕೈಲಾಗಲಿಲ್ಲ ಅಂದುಕೊಂಡಳು.

ಆಗ ಹಿಂದಿನಿಂದ ಒಂದು ಕೈ ಬಂದು ಅವಳ ಎಡಗೆನ್ನೆಯನ್ನು ಒತ್ತಿ ಹಿಡಿಯಿತು. ಡೋಲು ಬಾರಿಸಿ ಬಾರಿಸಿ ದಡ್ಡುಗಟ್ಟಿದ ಅಂಗೈ. ಸುವೊನಾ ಕೂಗಿತು. ಮೊದಲು ಒಡಕಾಗಿ, ಆಮೇಲೆ ನೆಟ್ಟಗೆ, ಮುದುಕ ಕಲಿಸಿದ ಬೀಳ್ಕೊಡುವ ರಾಗ ಬಯಲ ಮೇಲೆ ಹೊರಟಿತು. ಪೆಟ್ಟಿಗೆ ಹೊತ್ತು ಬಂದವರು ಟೋಪಿ ತೆಗೆದರು.

"ಗಾಳಿ ಜೋರಿದೆ ಕಣೇ," ಎಂದು ಬಾವ್‌ಟ್ಯೆನ್ ಅವಳ ಕಿವಿಯ ಹತ್ತಿರ ಬಿಕ್ಕುತ್ತಾ ಹೇಳುತ್ತಿದ್ದ, "ಬೇಗ ಮುಗ್ಸು, ಬೇಗ ಮುಗ್ಸು."

ಅವಳು ಬೇಗ ಮುಗಿಸಲಿಲ್ಲ. ಅವನೂ ಕೈ ತೆಗೆಯಲಿಲ್ಲ.