ಮಂಚದಿಂದ ಕುರ್ಚಿಗೆ

ಶಿವರುದ್ರಪ್ಪನವರು ಮಂಚದಿಂದ ಕುರ್ಚಿಗೆ ಬರಬೇಕಾದರೆ ಮೂವರು ಬೇಕಾಗಿತ್ತು. ಎತ್ತುವುದಕ್ಕೆ ಸೊಸೆ ತ್ರಿವೇಣಿ, ಏಳುವುದಕ್ಕೆ ಸ್ವತಃ ಶಿವರುದ್ರಪ್ಪನವರು, ಇಬ್ಬರ ನಡುವೆ ಮಾತಾಡುವುದಕ್ಕೆ ಇನ್ನೊಬ್ಬರು. ಆ ಇನ್ನೊಬ್ಬರು ಮಾತ್ರ ಯಾವ ಡಾಕ್ಟರರ ಲೆಕ್ಕದಲ್ಲೂ ಇರಲಿಲ್ಲ.

ತ್ರಿವೇಣಿ ಮದುವೆಯಾಗಿ ವಿಜಾಪುರದಿಂದ ಪುಣೆಯ ಈ ಮನೆಗೆ ಬಂದಾಗಿನಿಂದ ಮಾವನೊಂದಿಗೆ ನೇರವಾಗಿ ಒಂದು ಮಾತೂ ಆಡಿದವಳಲ್ಲ. ಜಗಳವೇನಿಲ್ಲ, ಅದು ಮರ್ಯಾದೆ. ಮಾವ ಮಾರ್ಕೆಟ್ ಯಾರ್ಡಿನ ತಮ್ಮ ದಲಾಲಿ ಅಂಗಡಿಯಿಂದ ಬಂದವರೇ ಬಾಗಿಲಲ್ಲಿ ಕೆಮ್ಮುತ್ತಿದ್ದರು, ಸೊಸೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಸರಿಯುತ್ತಿದ್ದಳು. ಅತ್ತೆ ಕಲ್ಲವ್ವ ಇರುವವರೆಗೆ ಎಲ್ಲ ಸುಸೂತ್ರವಾಗಿತ್ತು.

"ಏ, ಚಹಾದಾಗ ಸಕ್ರಿ ಕಡಿಮಿ ಆಗೇದಂತ ಹೇಳು ಅಕಿಗೆ," ಎನ್ನುತ್ತಿದ್ದರು ಮಾವ ಹೆಂಡತಿಗೆ.

ಅಕಿ ಅಲ್ಲೇ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿರುತ್ತಿದ್ದಳು. ಕಲ್ಲವ್ವ ಅವಳ ಕಡೆ ತಿರುಗಿ, "ಸಕ್ರಿ ಕಡಿಮಿ ಆಗೇದಂತ ನೋಡವಾ" ಅಂದ ಮೇಲಷ್ಟೇ ತ್ರಿವೇಣಿಯ ಕೈ ಸಕ್ಕರೆ ಡಬ್ಬಿಗೆ ಹೋಗುತ್ತಿತ್ತು. ಮೊದಲ ಸಲ ಕೇಳಿದ್ದು ಕೇಳಿದಂತಲ್ಲ. ಕಲ್ಲವ್ವನ ಬಾಯಿಂದ ಬಂದದ್ದೇ ಮಾತು.

ಕಲ್ಲವ್ವ ತೀರಿಕೊಂಡ ಮೇಲೆ ಆ ಕೆಲಸ ಮೊಮ್ಮಗ ಪ್ರಣವನ ಪಾಲಿಗೆ ಬಂತು. ಅವನು ಕೊಲ್ಹಾಪುರದ ಹಾಸ್ಟೆಲ್ಲಿಗೆ ಹೋದ ಮೇಲೆ ಮಗ ಬಸವಪ್ರಭುವಿನ ಪಾಲಿಗೆ. ಬಸವಪ್ರಭು ದುಡಿಯುವುದು ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ. ಅಲ್ಲಿ ಗೇಟಿನಲ್ಲೇ ಮೊಬೈಲ್ ಇಟ್ಟು ಒಳಗೆ ಹೋಗಬೇಕು. ಶಿವರುದ್ರಪ್ಪನವರ ಎಡಭಾಗಕ್ಕೆ ಲಕ್ವ ಹೊಡೆದು ಅವರು ಹಾಸಿಗೆ ಹಿಡಿದಾಗಲೂ ಈ ಪದ್ಧತಿ ಮುರಿಯಲಿಲ್ಲ. ಉಳಿದ ಬಲಗೈಯಿಂದ ಮಗನಿಗೆ ಫೋನ್ ಹಚ್ಚುತ್ತಿದ್ದರು. ಊಟದ ಬಿಡುವಿನಲ್ಲಿ ಮಗ ಗೇಟಿಗೆ ಬಂದು, ಮಿಸ್ಡ್ ಕಾಲ್ ನೋಡಿ, ಅಪ್ಪನಿಂದ ವಿಷಯ ಕೇಳಿಕೊಂಡು, ಆಮೇಲೆ ಹೆಂಡತಿಗೆ ಮಾಡುತ್ತಿದ್ದ.

"ಅಪ್ಪಗ ಫ್ಯಾನಿನ ಗಾಳಿ ಭಾಳ ಆಗೇದಂತ. ಸಣ್ಣದು ಮಾಡು."

ತ್ರಿವೇಣಿ ಆಗ ಅದೇ ಕೋಣೆಯಲ್ಲಿ ಬಟ್ಟೆ ಮಡಚುತ್ತಿರುತ್ತಿದ್ದಳು. ಮಾವನ ಚಳಿ ಸೊಲ್ಲಾಪುರ ರಸ್ತೆ ಹಿಡಿದು ಕುರಕುಂಭಕ್ಕೆ ಹೋಗಿ ತಿರುಗಿ ಬರುವಷ್ಟರಲ್ಲಿ ಅವರು ಶಾಲು ಹೊದ್ದು ಮಲಗಿಬಿಟ್ಟಿರುತ್ತಿದ್ದರು.

ಮುಂಜಾನೆಯ ಜಳಕ ಮಗನೇ ಮಾಡಿಸುತ್ತಿದ್ದ. ಹಗಲಲ್ಲಿ ಎತ್ತಿ ಕೂರಿಸಲೆಂದು ಇಟ್ಟುಕೊಂಡ ಆಳು ಹೇಳದೆ ಕೇಳದೆ ಬಿಟ್ಟುಹೋದ. ಆಗ ಬಸವಪ್ರಭು ದೇಹೂ ರೋಡಿಗೆ ಹೋಗಿ, ಹಾಸಿಗೆ ಹಿಡಿದ ವೃದ್ಧರನ್ನು ಇರಿಸಿಕೊಳ್ಳುವ ಒಂದು ಕೇಂದ್ರ ನೋಡಿಕೊಂಡು ಬಂದ.

"ಒಂದು ಹಾಸಿಗಿ ಹಿಡಿದಿಡ್ರಿ ಅಂತ ಹೇಳಿ ಬಂದೀನಿ. ಸೋಮವಾರ ಖಾತ್ರಿ ಮಾಡಬೇಕು."

"ಅಲ್ಲೆ ಕನ್ನಡ ಯಾರಿಗೆ ಬರ್ತದ್ರೀ?" ತ್ರಿವೇಣಿ ಕೇಳಿದಳು.

"ಇಲ್ಲಿ ಕನ್ನಡ ಬಂದು ಏನು ಉಪಯೋಗ ಆಗೇದ? ಬರೋರು ನೀವಿಬ್ರೂ ಎಷ್ಟು ಮಾತಾಡೀರಿ?"

ಚಹಾ ಬೇಕಾದಾಗಿನ ಕೆಮ್ಮು ಬೇರೆ, ಸಿಟ್ಟು ಬಂದಾಗಿನ ಕೆಮ್ಮು ಬೇರೆ ಎಂಬುದು ದೇಹೂ ರೋಡಿನಲ್ಲಿ ಯಾರಿಗೆ ತಿಳಿದೀತು ಎಂದು ಅವಳಿಗನ್ನಿಸಿದ್ದು ನಿಜ. ಸೊಸೆ ಮಾವನನ್ನು ಹೊರಗೆ ಹಾಕಿದಳು ಅಂತ ವಿಜಾಪುರದ ತನಕ ಮಾತಾಗುತ್ತದೆ ಎಂಬ ಅಂಜಿಕೆಯೂ ಅಷ್ಟೇ ನಿಜ. ಯಾವುದು ಹೆಚ್ಚು ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ. ಕಳಿಸಬಾರದು, ಅಷ್ಟೆ.

"ನಾ ಎತ್ತತೀನ್ರಿ. ಕಲಿಸೋರು ಯಾರರ ಇದ್ರ ಕಲೀತೀನಿ."

ಹಾಗೆ ಫಿಸಿಯೋಥೆರಪಿಯ ಸ್ನೇಹಲ್ ಬಂದಳು. ಕುದುರೆಬಾಲದ ಜುಟ್ಟು, ಬಾಯಿ ತುಂಬ ಮರಾಠಿ. ಮಾವನ ಸೊಂಟಕ್ಕೊಂದು ಅಗಲವಾದ ಪಟ್ಟಿ ಬಿಗಿದಳು. ತ್ರಿವೇಣಿ ಎದುರು ನಿಂತು, ತನ್ನ ಮೊಣಕಾಲಿನಿಂದ ಅವರ ಸೋತ ಮೊಣಕಾಲನ್ನು ಒತ್ತಿ ಹಿಡಿದು, ಎರಡೂ ಕೈಯಿಂದ ಪಟ್ಟಿ ಹಿಡಿಯಬೇಕು. ಮಾವ ಗದ್ದವನ್ನು ಅವಳ ಭುಜದ ಮೇಲಿಟ್ಟು ಮುಂದಕ್ಕೆ ಬಾಗಬೇಕು. ಮೂರು ಎಂದಾಗ ಇಬ್ಬರೂ ಒಟ್ಟಿಗೇ ಏಳಬೇಕು.

"ಆಜೋಬಾ, ಸೂನಬಾಯೀಂನಾ ಮಿಠೀ ಮಾರಾ!" ಅಜ್ಜಾ, ಸೊಸೆಯನ್ನು ಅಪ್ಪಿಕೊಳ್ಳಿ ಎಂದು ಸ್ನೇಹಲ್ ಓಣಿಗೆಲ್ಲ ಕೇಳುವಂತೆ ಕೂಗಿದಾಗ ಇಬ್ಬರೂ ಕಣ್ಣು ಮುಚ್ಚಿಕೊಂಡರು.

ಆದರೂ ಕೆಲಸ ಸಾಗಿತು. "ತಯಾರ್ ಅದಾರೇನಂತ ಕೇಳ್ರಿ" ಎಂದು ತ್ರಿವೇಣಿ ಮರಾಠಿಯಲ್ಲಿ ಸ್ನೇಹಲ್‌ಗೆ ಹೇಳುವಳು. ಸ್ನೇಹಲ್ ಮಾವನನ್ನು ಕೇಳುವಳು. ಮಾವ ಸ್ನೇಹಲ್‌ಗೆ ಹೂಂ ಅನ್ನುವರು. ಸ್ನೇಹಲ್ ಎಣಿಸುವಳು: "ಏಕ್, ದೋನ್, ತೀನ್!" ಮಾವ ಕುರ್ಚಿಯಲ್ಲಿ ಇರುತ್ತಿದ್ದರು.

ಭಾನುವಾರ ಬಸವಪ್ರಭುವಿನ ಕಣ್ಣೆದುರೇ ಹಾಗೆ ಎದ್ದು ಕೂತರು. ಸ್ನೇಹಲ್ ಚಪ್ಪಾಳೆ ತಟ್ಟಿದಳು. ಮನೆಯವರ ನಡುವೆ ಇಷ್ಟು ಹೊಂದಾಣಿಕೆ ತಾನು ಎಲ್ಲೂ ಕಂಡಿಲ್ಲ, ಇನ್ನು ತನ್ನ ಅಗತ್ಯವೇ ಇಲ್ಲ ಎಂದು ಹೇಳಿ ಸ್ಕೂಟಿ ಹತ್ತಿ ಹೋದಳು.

"ಛಲೋ ಆತು," ಬಸವಪ್ರಭು ಹೇಳಿದ. "ನಾಳೆ ಒಂದಿನ ನೀವಿಬ್ರ ಮಾಡಿ ನೋಡ್ರಿ. ಆತಂದ್ರ ಸಂಜಿಗೆ ಆ ಹಾಸಿಗಿ ಬ್ಯಾಡಂತ ಫೋನ್ ಮಾಡಿಬಿಡ್ತೀನಿ. ಆಗಲಿಲ್ಲಂದ್ರ ಅಪ್ಪಾ, ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ."

ಶಿವರುದ್ರಪ್ಪನವರು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು.

ಸೋಮವಾರ ಬಸವಪ್ರಭು ಕಂಪನಿಯ ಬಸ್ಸಿಗೆ ಹೋದ ಮೇಲೆ ಮನೆ ಸುಮ್ಮನಾಯಿತು. ಮಾವ ಕೆಮ್ಮಿದರು. ಯಾವ ಕೆಮ್ಮು ಎಂದು ತ್ರಿವೇಣಿಗೆ ಗೊತ್ತಾಯಿತು. ಕೂರಿಸಿದಲ್ಲೇ ಶೌಚಕ್ಕೆ ಅನುಕೂಲವಿದ್ದ ಕುರ್ಚಿಯನ್ನು ಮಂಚಕ್ಕೆ ಹೊಂದಿಸಿ ಇಟ್ಟಳು. ಚಕ್ರಗಳ ಬ್ರೇಕ್ ಒತ್ತಿದಳು. ಮಾವನನ್ನು ಮಂಚದ ಅಂಚಿಗೆ ಕೂರಿಸಿ ಪಟ್ಟಿ ಬಿಗಿದಳು.

"ತಯಾರ್ ಇದ್ರ ಏಳೂದಂತ," ಎಂದಳು ಕಿಟಕಿಗೆ.

"ತಯಾರ್ ಅಂತ ಹೇಳು," ಎಂದರು ಮಾವ, ಕಪಾಟಿಗೆ.

ಅವಳು ಬಾಗಿ ಪಟ್ಟಿ ಹಿಡಿದಳು. ಅವರ ಗದ್ದ ಅವಳ ಭುಜಕ್ಕೆ ತಾಗಿತು. ಕ್ಷೌರ ಮಾಡದ ಗಡ್ಡ ಚುಚ್ಚಿತು.

"ಒಂದು. ಎರಡು. ಮೂರು," ಎಂದು ತ್ರಿವೇಣಿ ಎಣಿಸಿದಳು.

ಯಾರೂ ಏಳಲಿಲ್ಲ. ಮಾವ ಹಟ ಮಾಡಿದ್ದಲ್ಲ, ಕಾಯುತ್ತಿದ್ದರು. ತಾನೂ ಕಾಯುತ್ತಿದ್ದೇನೆಂದು ತ್ರಿವೇಣಿಗೆ ಅರಿವಾದದ್ದು ತನ್ನ ಉಸಿರು ಕಟ್ಟಿ ನಿಂತದ್ದನ್ನು ಗಮನಿಸಿದಾಗ. ಆ ಮೂರನ್ನು ಯಾರಾದರೂ ಇನ್ನೊಮ್ಮೆ ಹೇಳಬೇಕಾಗಿತ್ತು. ಗೋಡೆ ಹೇಳಲಿಲ್ಲ. ಸರಿ, ಬಿಟ್ಟು ಮತ್ತೆ ಮೊದಲಿನಿಂದ ಹಿಡಿಯೋಣವೆಂದು ಅವಳು ಕೈ ಸಡಿಲಿಸಿದಳು. ಮಾವನಿಗೂ ಅದೇ ಹೊತ್ತಿಗೆ, ಇನ್ನು ಯಾರೂ ಹೇಳುವವರಿಲ್ಲ ಎಂಬುದು ಹೊಳೆದಿರಬೇಕು. ಬಲಗಾಲು ಊರಿ ಜೋರಾಗಿ ಎದ್ದುಬಿಟ್ಟರು.

ಇಡೀ ದೇಹ ಅವಳ ಮೇಲೆ ಬಂತು. ಅವಳ ಬೆನ್ನು ಗೋಡೆಗೆ ಬಡಿಯಿತು, ಕುರ್ಚಿ ಓರೆಯಾಗಿ ಸರಿಯಿತು, ಇಬ್ಬರೂ ಮಂಚಕ್ಕೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಜಾರಿ ಕುಸಿದರು. ಮಾವನ ತಲೆ ಅವಳ ಎದೆಯ ಮೇಲಿತ್ತು. ಅವರಿಗೆ ಪೆಟ್ಟೇನೂ ಆದಂತಿರಲಿಲ್ಲ. ಆದರೆ ಅವಳ ಎರಡೂ ಕಾಲು ಅವರ ಕೆಳಗೆ ಸಿಕ್ಕಿದ್ದವು. ಅಡುಗೆಮನೆಯಲ್ಲಿ ಫೋನ್ ರಿಂಗಾಗಿ ರಿಂಗಾಗಿ ನಿಂತಿತು.

ಸ್ವಲ್ಪ ಹೊತ್ತಿಗೆ ಅವಳ ಸೀರೆ ಬೆಚ್ಚಗೆ ಒದ್ದೆಯಾಗತೊಡಗಿತು. ಅದೇನೆಂದು ಇಬ್ಬರಿಗೂ ಗೊತ್ತಿತ್ತು. ಮಾವನ ಬಲಗೈ ನೆಲವನ್ನು ತಡವುತ್ತಿತ್ತು. ಒತ್ತಿ ಏಳುವುದಕ್ಕೋ, ಒರೆಸುವುದಕ್ಕೋ ತಿಳಿಯಲಿಲ್ಲ. ಅವಳು ಚಾವಣಿ ನೋಡಿದಳು. ಏನಾದರೂ ಹೇಳಬೇಕು, ಇರಲಿ ಬಿಡ್ರಿ ಅನ್ನಬೇಕು. ಆದರೆ ಅದನ್ನು ಯಾರ ಮೂಲಕ ಹೇಳುವುದು?

"ತ್ರಿವೇಣೀ."

ಆ ಧ್ವನಿಯಲ್ಲಿ ತನ್ನ ಹೆಸರನ್ನು ಅವಳು ಎಂದೂ ಕೇಳಿರಲಿಲ್ಲ.

"ಬಸೂಗ ಹೇಳಬ್ಯಾಡವಾ. ಕಳಸ್ತಾನ."

ಅವಳು ತಲೆಯಾಡಿಸಿದಳು. ತಲೆಯಾಡಿಸಿದ್ದು ಅವರಿಗೆ ಕಾಣುವಂತಿರಲಿಲ್ಲ.

ಕಾಲು ಒಂದೊಂದಾಗಿ ಎಳೆದುಕೊಂಡು, ಅವರ ಬೆನ್ನಿಗೆ ದಿಂಬು ಕೊಟ್ಟು, ಸೊಸೈಟಿಯ ವಾಚ್‌ಮನ್‌ಗೆ ಫೋನ್ ಮಾಡಿದಳು. ಅವನು ಕೆಳಗಿನ ಇಸ್ತ್ರಿಯವನನ್ನೂ ಕರೆದುಕೊಂಡು ಬಂದ. "ಕಾಕಾ, ಮಾನ ವರ್ ಕರಾ, ಹಾತ ದ್ಯಾ", ಕತ್ತು ಮೇಲೆತ್ತಿ, ಕೈ ಕೊಡಿ ಎಂದು ಗದ್ದಲವೆಬ್ಬಿಸುತ್ತ, ಮೆಟ್ಟಿಲ ಮೇಲೆ ಕಪಾಟು ಸಾಗಿಸುವವರ ಹಾಗೆ ಎತ್ತಿ ಮಂಚದ ಮೇಲಿಟ್ಟುಬಿಟ್ಟರು. ಎಷ್ಟು ಹೊತ್ತು? ಒಂದು ಬೀಡಿ ಹಚ್ಚುವಷ್ಟು. ಸಾಹೇಬರಿಗೆ ಹೇಳಬೇಡಿ ಎಂದು ತ್ರಿವೇಣಿ ಅವರಿಗೆ ಕೈಮುಗಿದಳು. ಇಸ್ತ್ರಿಯವನೇ ಮಾವನ ಧೋತರ ಬದಲಿಸಿದ. ಅವಳು ಹೊರಗೆ ಬಾಲ್ಕನಿಯಲ್ಲಿ ನಿಂತಿದ್ದಳು.

ಸಂಜೆ ಬಸವಪ್ರಭು ಬಂದು ಕಾಲು ತೊಳೆದು, ಅಪ್ಪನ ಮಂಚದ ಅಂಚಿಗೆ ಕೂತ. "ಗೇಟಿಗೆ ಮುಟ್ಟಿದಾಗ ಫೋನ್ ಮಾಡಿದ್ದೆ, ಎತ್ತಲಿಲ್ಲ. ಹೆಂಗಾತು?"

ತ್ರಿವೇಣಿ ಅಡುಗೆಮನೆಯ ಬಾಗಿಲಲ್ಲಿದ್ದಳು. ಬೆನ್ನು ನೆಟ್ಟಗಾಗುತ್ತಿರಲಿಲ್ಲ, ಚೌಕಟ್ಟಿಗೆ ಆತುಕೊಂಡಿದ್ದಳು.

"ಭಾಳ ಸಲೀಸ ಆತು," ಎಂದರು ಶಿವರುದ್ರಪ್ಪನವರು. "ಬೇಕಾದ್ರ ಅಕಿನ್ನ ಕೇಳು."

"ಹೌದ್ರಿ, ಒಂದ ಸಲಕ್ಕ ಎದ್ರು," ಎಂದಳು ತ್ರಿವೇಣಿ. "ಆಗ ಎತ್ತೂದರಾಗನ ಇದ್ವಿ, ಅದಕ್ಕ ಫೋನ್ ಎತ್ತಲಿಲ್ಲ."

ಬಸವಪ್ರಭುವಿನ ಮುಖ ಅರಳಿತು. "ನೋಡ್ರಿ! ಬಾಯಿ ಬಿಟ್ಟು ಮಾತಾಡಿದ್ರ ಎಷ್ಟು ಹಗರ ಆಗ್ತದ!" ಎನ್ನುತ್ತಲೇ ದೇಹೂ ರೋಡಿಗೆ ಫೋನ್ ಹಚ್ಚಿದ. ಬೇಡವೆಂದ. ಆ ಕಡೆಯವರು, ಒಳ್ಳೆಯದಾಯಿತು, ಇನ್ನೊಬ್ಬರು ಕಾಯುತ್ತ ಕೂತಿದ್ದಾರೆ, ಈಗಲೇ ಅವರಿಗೆ ಕೊಟ್ಟುಬಿಡುತ್ತೇವೆ ಎಂದದ್ದು ಬಾಗಿಲವರೆಗೂ ಕೇಳಿಸಿತು.

ಮಾವ ಈಗ ಸೊಸೆಯ ಕಡೆ ನೋಡುತ್ತಿದ್ದರು. ನೆಟ್ಟ ನೋಟ. ಅವಳಿಗೂ ಸೆರಗು ಎಳೆದುಕೊಳ್ಳುವುದು ನೆನಪಾಗಲಿಲ್ಲ. ನಾಳೆ ಹೇಗೆ ಎಂದು ಅವರ ಕಣ್ಣು ಕೇಳುತ್ತಿತ್ತು, ಅಥವಾ ತನ್ನ ಕಣ್ಣೇ ಕೇಳುತ್ತಿತ್ತೋ ಏನೋ.

"ಮತ್ತ ಹಿಂಗ ಮಾಡೋಣು," ಬಸವಪ್ರಭು ಫೋನ್ ಕಿಸೆಗಿಟ್ಟ. "ಎತ್ತೂದಂತೂ ಕಲತ್ರಿ. ನಾಳಿಂದ ಜಳಕಾನೂ ನೀವಿಬ್ರ ಮುಗಿಸಿಬಿಡ್ರಿ. ನಂಗೂ ಮುಂಜಾನೆ ಬಸ್ ತಪ್ಪೂದಿಲ್ಲ."

ಶಿವರುದ್ರಪ್ಪನವರು ಶಾಲನ್ನು ಎದೆಯವರೆಗೆ ಎಳೆದುಕೊಂಡರು.

"ಆತ್ರಿ," ಎಂದಳು ತ್ರಿವೇಣಿ.