ಹೆಸರು ಹೇಳದ ದಾನಿ

ಪವಿ ಹಿಡಿ ಮಣ್ಣು ತೆಗೆದುಕೊಂಡು ಗಂಡ ಶೈಲೇಶನ ಗುಂಡಿಯ ಮೇಲೆ ಕೈ ಚಾಚಿದ್ದಳು. ಅವನ ಗೆಳೆಯ ಬಸವಪ್ರಸಾದ ತಡೆದ.

“ಒಂದೀಟು ತಡೀರಿ ವೈನಿ. ಅವರು ಬರಲಿ.”

ಅವರು ಯಾರೆಂದು ಮಣ್ಣಿಗೆ ಬಂದಿದ್ದ ನಾಲ್ಕಾರು ಜನಕ್ಕೆ ಅವನೇ ಹೇಳಿದ. ಶೈಲೇಶ ಬರೆದು ಪುಕ್ಕಟೆ ಬಿಟ್ಟ ಸಾಫ್ಟ್‌ವೇರನ್ನು ದೊಡ್ಡ ದೊಡ್ಡ ಕಂಪನಿಗಳು ಬಳಸುತ್ತಿದ್ದವು, ಕೆಟ್ಟರೆ ಅವನನ್ನೇ ಬೈಯುತ್ತಿದ್ದವು. ದೇಣಿಗೆ ಕೊಡಿ ಎಂದು ಕೇಳಿಕೊಂಡರೆ ತಿಂಗಳು ತಪ್ಪದೆ ಕೊಟ್ಟವರು ಇಡೀ ಜಗತ್ತಿಗೆ ಒಬ್ಬರೇ. ಹೆಸರು ಹೇಳಿರಲಿಲ್ಲ. ಮೊದಲ ಹಿಡಿ ಮಣ್ಣು ಅವರೇ ಹಾಕಬೇಕೆಂದು ಶೈಲೇಶ ಆಸ್ಪತ್ರೆಯಲ್ಲಿ ಗೆಳೆಯನ ಕೈ ಹಿಡಿದು ಕೇಳಿದ್ದ. ಬಸವಪ್ರಸಾದ ದೇಣಿಗೆಯ ವೆಬ್‌ಸೈಟಿನ ಮೂಲಕ ಅವರಿಗೆ ಎರಡು ಸಲ ಬರೆದಿದ್ದ.

ಆ ಎರಡು ಸಂದೇಶಗಳೂ ಪವಿಯ ಫೋನಿಗೇ ಬಂದಿದ್ದವು.

*

ದೇಣಿಗೆ ಕೇಳಿದ ಮೊದಲ ವರ್ಷ ಬಿಡಿಗಾಸೂ ಹುಟ್ಟಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಲ್ಯಾಪ್‌ಟಾಪನ್ನೇ ನೋಡುತ್ತ ಕೂರುವ ಗಂಡನ ಮುಖ ನೋಡಲಾರದೆ ಪವಿ ತನ್ನ ಸಂಬಳದಿಂದ ಗುಟ್ಟಾಗಿ ಇಪ್ಪತ್ತು ಯೂರೊ ಕಳಿಸಿದಳು. ಅವತ್ತು ಅವನು ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡ. ಆಮೇಲೆ ನಿಲ್ಲಿಸುವುದು ಹೇಗೆ? ಆ ದುಡ್ಡಿನಲ್ಲಿ ಅವಳಿಗೇ ಜೋಳದ ಹಿಟ್ಟು ತಂದು, ನನ್ನ ಗಳಿಕೆ ಎಂದು ಬೀಗುತ್ತಿದ್ದ. ಮುಂದೊಂದು ದಿನ ಕಾರು ಕಂಪನಿಯ ನೌಕರಿಯನ್ನೇ ಬಿಟ್ಟು ಬಂದ.

“ಒಬ್ಬಾಂವ ನಂಬ್ಯಾನಲ್ಲ ಪವಿ. ನಾಳೆ ನೂರು ಮಂದಿ ನಂಬ್ತಾರ.”

ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಬಂದದ್ದು ಬರೀ ದೂರುಗಳು. ಅವನ್ನು ತೀರಿಸುತ್ತ ಅವನು ಹಗಲು ರಾತ್ರಿ ಒಂದು ಮಾಡಿದ, ಎದೆನೋವನ್ನು ಗ್ಯಾಸ್ ಎಂದ. ಅಂದು ತಾನು ಆ ಇಪ್ಪತ್ತು ಯೂರೊ ಕಳಿಸದಿದ್ದರೆ ಬುದ್ಧಿ ಬಂದು ಬದುಕಿಕೊಳ್ಳುತ್ತಿದ್ದ ಎಂಬ ಎಣಿಕೆ ಪವಿಯನ್ನು ಬಿಡಲಿಲ್ಲ.

*

ಜರ್ಮನಿಯ ಮ್ಯಾನ್‌ಹೈಮಿನ ಆ ಸ್ಮಶಾನದಲ್ಲಿ ಗುಂಡಿ ತೋಡಿದವನು ಗಡಿಯಾರ ನೋಡಿಕೊಂಡ. ಮುಂದಿನ ಹೊತ್ತು ಗೊತ್ತುಮಾಡಿಕೊಂಡವರು ಗೇಟಿನಲ್ಲಿ ನಿಂತಿದ್ದರು. ಊರಲ್ಲಿ ನಮ್ಮವರು ಮಾಡುವಂತೆ ಹೆಣವನ್ನು ಕೂರಿಸಿ ಮಣ್ಣು ಕೊಡಲು ಇಲ್ಲಿ ಬಿಡುವುದಿಲ್ಲ. ಶೈಲೇಶ ಪೆಟ್ಟಿಗೆಯಲ್ಲಿ ಮಲಗಿದ್ದ.

“ಬರಂಗಿಲ್ಲ ಕಾಣ್ತದ ವೈನಿ,” ಎಂದ ಬಸವಪ್ರಸಾದ. “ಇಷ್ಟು ವರ್ಷ ರೊಕ್ಕ ಕೊಟ್ಟವರಿಗೆ ಒಂದು ಹಿಡಿ ಮಣ್ಣು ಕೊಡಾಕ ಆಗಲಿಲ್ಲ ನೋಡ್ರಿ.”

ಪವಿ ಕೈ ಬಿಚ್ಚಿದಳು. ಮಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಉಳಿದವರಿಗೆ ದಾರಿ ಬಿಡಲೆಂದು ಅವನು ಅವಳ ತೋಳು ಹಿಡಿದ. ಅವಳು ಸರಿಯಲಿಲ್ಲ. ಬಗ್ಗಿ ಇನ್ನೊಂದು ಹಿಡಿ ತುಂಬಿಕೊಂಡಳು.

“ಅದು ಅವರದಾತು,” ಎಂದಳು. “ಇದು ನಂದು.”

ಬಸವಪ್ರಸಾದನ ಕೈ ಅವಳ ತೋಳಿನಿಂದ ಜಾರಿತು. ಪವಿ ಗುಂಡಿಯ ಮೇಲೆ ಮತ್ತೆ ಕೈ ಚಾಚಿದಳು. ಈ ಸಲ ಮುಷ್ಟಿ ಬಿಚ್ಚಲು ಆಗಲಿಲ್ಲ.